ಸೋದರಮಾವನ ಹಲ್ಲಿಗೆ ಸಿಕ್ಕ ಕಲ್ಲು

ಅಪ್ಪಾ,

ರೋಣದ ಬಸ್ಸಿಗೆ ಹೊತ್ತಾಯಿತು, ಬರೆದಿಟ್ಟು ಹೋಗುತ್ತಿದ್ದೇನೆ.

ಹೊಳಪು ಹಾಕಿದ ಕಲ್ಲುಗಳನ್ನು ಇನ್ನು ಮೇಲೆ ಫಳಾರದ ತಟ್ಟೆಯಲ್ಲಿ ಒಣಗಿಸಬೇಡಿ. ನಿನ್ನೆ ನನ್ನನ್ನು ನೋಡಲು ಬಂದ ಹುಡುಗನ ಸೋದರಮಾವ ಒಂದನ್ನು ಪೆಪ್ಪರಮಿಂಟೆಂದು ಕಡಿದುಬಿಟ್ಟರಲ್ಲ, ಹಲ್ಲು ಇನ್ನೂ ಅಲ್ಲಾಡುತ್ತಿದೆಯಂತೆ. ಫೋನ್ ಮಾಡಿ ತಪ್ಪಾಯಿತೆನ್ನಿ. ಆ ಕಲ್ಲು ನಿಮ್ಮ ಹೊಳಪು ಹಾಕುವ ಮೋಟರ್ ಡಬ್ಬಿಯಲ್ಲಿ ಇಪ್ಪತ್ತು ದಿನ ಉರುಳಿದ ಕಥೆ ಅವರಿಗೆ ಬೇಡ.

ಅವ್ವ ಸಿಟ್ಟಿನಿಂದ ಡಬ್ಬಿಯ ಮೋಟರ್ ಬಂದ್ ಮಾಡಿದ್ದಳು, ನಾನು ಮತ್ತೆ ಚಾಲೂ ಮಾಡಿದ್ದೇನೆ. "ಸಂಬಂಧ ಹೋತು" ಎಂದು ಅಳುತ್ತಿದ್ದಾಳೆ, ಚಹಾ ಮಾಡಿ ಕೊಡಿ.

ನಿನ್ನೆ ನೀವು ನಾಚಿ ಹಿತ್ತಲಿಗೆ ಓಡಿದ ಮೇಲೆ ಹುಡುಗ ಭೀಮೇಶ ಆ ಕಲ್ಲನ್ನು ಒರೆಸಿ, ಬೆಳಕಿಗೆ ಹಿಡಿದು, "ಇಷ್ಟು ನುಣುಪು ಹ್ಯಾಂಗ ಬಂತ್ರಿ?" ಎಂದು ನನ್ನನ್ನು ಕೇಳಿದರು.

ಈಗಷ್ಟೇ ಅವರ ಫೋನ್ ಬಂದಿತ್ತು. ರವಿವಾರ ನಿಮ್ಮ ಜೊತೆ ಗಜೇಂದ್ರಗಡದ ಗುಡ್ಡಕ್ಕೆ ಕಲ್ಲು ಆರಿಸಲು ಬರುತ್ತಾರಂತೆ. ನಾನೂ ಬರುತ್ತೇನೆ. ಅವ್ವನಿಗೆ ನೀವೇ ಹೇಳಿ.

ದೇವಿಕಾ