ಅತ್ತೆಯ ಅರವತ್ತಮೂರು ರೆಕಾರ್ಡುಗಳು

ಶನಿವಾರ, 3. ಬೆಳಗ್ಗೆ 7.20

ಇವತ್ತೂ ಇಸ್ತ್ರಿ ಮಾಡಿದ ಬಟ್ಟೆ ಇಡಲು ಜಾಗವಿಲ್ಲ. ವಾರ್ಡ್‌ರೋಬಿನ ಎರಡು ಖಾನೆ ತುಂಬ ಅತ್ತೆಯ ಹಳೆಯ ಹಾಡಿನ ರೆಕಾರ್ಡುಗಳು. ಮದುವೆಯಾಗಿ ನಲವತ್ತೊಂದು ದಿನ. ನನ್ನ ಗಂಡ — ಆಹಾ, ಈ ಎರಡು ಪದ ಬರೆಯುವುದೇ ಒಂದು ಸುಖ! — ಸಾಕ್ಸ್ ಹಾಕಿಕೊಳ್ಳುತ್ತಾ, "ಇನ್ನೆರಡೇ ವಾರ, ಅಡ್ಜಸ್ಟ್ ಮಾಡ್ಕೋ" ಎಂದ. ಎರಡು ವಾರದ ಮೇಲೆ ಅವು ಎಲ್ಲಿಗೆ ಹೋಗುತ್ತವಂತೆ? ಕೇಳಿದ್ದಕ್ಕೆ ಮುತ್ತು ಕೊಟ್ಟ. ಅದು ಉತ್ತರವೇ? ಹೌದು... ಆದರೂ.

ಅತ್ತೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಇಪ್ಪತ್ತೆರಡು ವರ್ಷದ ಹಿಂದೆ ಈ ಊರಿನ ನೆಲಮಾಳಿಗೆಯ ಡ್ಯಾನ್ಸ್ ಕ್ಲಬ್ಬಿನಲ್ಲಿ ಡಿಜೆ! ಗೆಳತಿಯರಿಗೆ ಹೇಳಿದರೆ ಫೋನಿನಲ್ಲೇ ಕಿರುಚಿದರು. ಕ್ಲಬ್ಬು ಮುಚ್ಚಿ ಅಲ್ಲೀಗ ಹಾಸಿಗೆ ಅಂಗಡಿಯ ಗೋದಾಮು. ಹದಿನೇಳಕ್ಕೆ ಹಳಬರೆಲ್ಲ ಅಲ್ಲೇ ಸೇರಿ ಒಂದು ರಾತ್ರಿ ಕುಣಿಯುತ್ತಾರಂತೆ. ರಾತ್ರಿ ಎಂಬುದು ಹೆಸರಿಗಷ್ಟೇ. ಮಂಡಿನೋವಿನವರ ಒತ್ತಾಯಕ್ಕೆ ಸಂಜೆ ಐದಕ್ಕೆ ಶುರು. ಕುರ್ಚಿ ಬೇಕೇ ಬೇಡವೇ ಎಂದು ಅವರ ವಾಟ್ಸಾಪ್ ಗ್ರೂಪಿನಲ್ಲಿ ದಿನಕ್ಕೆ ಇನ್ನೂರು ಮೆಸೇಜು. ತಲೆ ಚಿಟ್ಟು ಹಿಡಿಯುತ್ತದೆ.

ಕೊನೆಯ ಒಂದು ಗಂಟೆ ಅತ್ತೆಯದು. ಅವರ ಹಳೆಯ ಪ್ರತಿಸ್ಪರ್ಧಿ ಒಬ್ಬರಿದ್ದಾರೆ, ಎಲ್ಲರೂ 'ಕಮಾಂಡರ್' ಎನ್ನುತ್ತಾರೆ. ಅವರದು ಲ್ಯಾಪ್‌ಟಾಪ್.

"ಅವನು ಬಟನ್ ಒತ್ಕೊಂಡಿರ್ಲಿ. ನಾನು ಹಾಕೋದು ರೆಕಾರ್ಡೇ" ಎಂದರು ಅತ್ತೆ.

ಹೇಳಿ ತಿಂಗಳಾಯಿತು. ಒಂದನ್ನೂ ಮುಟ್ಟಿಲ್ಲ.

ಮಂಗಳವಾರ, 6. ಮಧ್ಯಾಹ್ನ 3

ಸರ್‌ಪ್ರೈಸ್! ರಜೆ ಹಾಕಿ ಅಷ್ಟನ್ನೂ ತೊಳೆದುಬಿಟ್ಟೆ. ಅರವತ್ತಮೂರು. ಬೆಚ್ಚಗಿನ ನೀರು, ಬೇಬಿ ಶಾಂಪೂ, ಮೆತ್ತನೆ ಬಟ್ಟೆ. ಎಂಥ ಕೊಳೆ! ನಡುವೆ ಹೆಸರಿರಬೇಕಾದ ಕಡೆ ಬಿಳಿ ಕಾಗದದ ಚೂರು, ಅಂಚಿನಲ್ಲಿ ಅಲ್ಲಲ್ಲಿ ಟೇಪಿನ ತುಣುಕು, ಕೆಂಪು, ನೀಲಿ. ಉಗುರಿನಿಂದ ಕೆರೆದು ಎಲ್ಲ ತೆಗೆದೆ. ಎರಡು ಉಗುರು ಮುರಿದವು. ಈಗ ಪಾತ್ರೆ ಸ್ಟ್ಯಾಂಡಿನಲ್ಲಿ ಸಾಲಾಗಿ ಒಣಗುತ್ತಿವೆ, ಕನ್ನಡಿಯ ಹಾಗೆ ಹೊಳೆಯುತ್ತಿವೆ. ಅತ್ತೆ ಅತ್ತೇಬಿಡುತ್ತಾರೆ!

ರಾತ್ರಿ 8.30

ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ಐದು ನಿಮಿಷ ಸ್ಟ್ಯಾಂಡನ್ನು ನೋಡಿದರು. ಆಮೇಲೆ ಬಹಳ ಮೆಲ್ಲಗೆ, "ಗುರುತೆಲ್ಲ ಎಲ್ಲೇ?" ಎಂದರು.

ಆ ಕಾಲದಲ್ಲಿ ಒಬ್ಬರ ಹಾಡು ಇನ್ನೊಬ್ಬರಿಗೆ ತಿಳಿಯಬಾರದಂತೆ. ಕಮಾಂಡರ್ ಹಿಂದಿನಿಂದ ಇಣುಕುತ್ತಾರೆಂದು ಅತ್ತೆ ಹೆಸರುಗಳನ್ನೆಲ್ಲ ಬ್ಲೇಡಿನಿಂದ ಹೆರೆದು, ಬಿಳಿ ಕಾಗದ ಅಂಟಿಸಿ, ಪೆನ್ಸಿಲಿನಲ್ಲಿ ತಮ್ಮದೇ ನಂಬರು ಬರೆದಿದ್ದರು. ಟೇಪು ಇದ್ದದ್ದು ಸೂಜಿ ಎಲ್ಲಿ ಇಳಿಸಬೇಕೆಂದು ತೋರಿಸಲು. ಕೆಂಪು ಎಂದರೆ ಜೋರು, ನೀಲಿ ಎಂದರೆ ನಿಧಾನ. ಈಗ ಅರವತ್ತಮೂರು ಕಪ್ಪು ತಟ್ಟೆಗಳು. ಯಾವುದು ಯಾವುದೋ ಆ ಬ್ರಹ್ಮನಿಗೂ ಗೊತ್ತಾಗದು.

ಗಂಡ ಹೇಳಿದ್ದು: "ಕೇಳಬಾರ್ದಿತ್ತಾ?"

ಸರ್‌ಪ್ರೈಸನ್ನು ಯಾರಾದರೂ ಕೇಳಿ ಮಾಡುತ್ತಾರೆಯೇ? ಇವತ್ತು ಅವನಿಗೆ ಬೆನ್ನು ತಿರುಗಿಸಿ ಮಲಗುತ್ತೇನೆ.

ಶುಕ್ರವಾರ, 9

ಅತ್ತೆ ಗ್ರೂಪಿನಲ್ಲಿ ಹಾಕಿದರು: "ನಾನು ರೆಕಾರ್ಡು ಹಾಕೋದಿಲ್ಲ. ಸೊಸೆ ತೊಳೆದುಬಿಟ್ಟಳು." ಅಷ್ಟೇ. ಕಣ್ಣೀರು ಬರುವಷ್ಟು ನಗುವ ಮುಖಗಳು ಹನ್ನೊಂದು ಬಂದವು, ಅದರಲ್ಲಿ ಆರು ಕಮಾಂಡರದ್ದು. ಅತ್ತೆಯ ಗಂಟೆಯೂ ಈಗ ಅವರದೇ. ನಾನು ನೋಡದ ಮುನ್ನೂರು ಜನಕ್ಕೆ ನಾನು 'ತೊಳೆದ ಸೊಸೆ'.

ಸಂಜೆ ಬಾಕಿ ರಟ್ಟು ಕವರುಗಳನ್ನು ಒರೆಸಿಟ್ಟೆ. ಅತ್ತೆ ನೋಡಿಯೂ ನೋಡದ ಹಾಗೆ ಟೀವಿ ಜೋರು ಮಾಡಿದರು.

ಭಾನುವಾರ, 11. ಬೆಳಗ್ಗೆ 11

ಬರೆಯಲೇಬೇಕು. ಸಿಟ್ಟು ನೆತ್ತಿಗೇರಿದೆ.

ಮಾಡಿದ್ದುಣ್ಣೇ ಮಾರಾಯ್ತಿ ಎಂದು, ಒಂದೊಂದನ್ನೇ ಅತ್ತೆಯ ಪ್ಲೇಯರಿಗೆ ಹಾಕಿ ಕೇಳಿ ಹೊಸ ಚೀಟಿ ಬರೆಯೋಣವೆಂದು ಕೂತೆ. ಸೂಜಿ ಇಳಿಸಿ ಎರಡು ಸೆಕೆಂಡು ಆಗಿಲ್ಲ, ಅಡುಗೆಮನೆಯ ನಲ್ಲಿ ಸದ್ದಿನ ಆಚೆಯಿಂದ ಅತ್ತೆ: "ಅದು ಹಿಂದಿನ ಬದಿ ಕಣೇ. ಮಗುಚು. ಮೂರನೇ ಗೆರೆಯಿಂದ ಡ್ರಮ್ಮು."

ಮಗುಚಿದೆ. ಮೂರನೇ ಗೆರೆ. ಡ್ರಮ್ಮು!

ಇನ್ನೊಂದು ಹಾಕಿದೆ. "ಅದನ್ನ ಸ್ವಲ್ಪ ನಿಧಾನ ಮಾಡ್ಬೇಕು, ಇಲ್ದಿದ್ರೆ ಮುಂದಿನದಕ್ಕೆ ಕೂಡಲ್ಲ." ಒಂಬತ್ತು ಹಾಕಿದೆ. ಒಂಬತ್ತೂ ಸರಿ.

ಸೀದಾ ಅಡುಗೆಮನೆಗೆ ಹೋದೆ.

"ಅತ್ತೆ, ನಿಮಗೆ ಚೀಟಿ ಬೇಕಾಗೇ ಇರ್ಲಿಲ್ಲ!"

"ತಟ್ಟೆ ಒರೆಸಿಡು."

"ನನ್ನ ಹೆಸರು ಹೇಳ್ಕೊಂಡು ತಪ್ಪಿಸ್ಕೊಳ್ತಿದ್ದೀರ. ಕುಣಿಯಲಾರದವರು ನೆಲ ಡೊಂಕು ಅಂದ ಹಾಗಾಯ್ತು."

ಇಂಗ್ಲಿಷ್ ಮೀಡಿಯಮ್ಮಿನವಳು ನಾನು, ಗಾದೆ ಹೇಳಿದ್ದು ಜೀವನದಲ್ಲಿ ಎರಡನೇ ಸಲ. ಅತ್ತೆಗೇ ಹೇಳಬೇಕಿತ್ತೇ? ಅವರು ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು.

ಗಂಡ: "ಅಮ್ಮ ಹಾಗೇ. ಬಿಟ್ಬಿಡು." ಬಿಟ್ಟುಬಿಡುವುದರಲ್ಲಿ ಇವನಿಗೆ ಡಾಕ್ಟರೇಟ್ ಕೊಡಬೇಕು.

ಶುಕ್ರವಾರ, 16. ಸಂಜೆ 6

ಐದು ದಿನ ಮಾತಿಲ್ಲ. ಉಪ್ಪು ಬೇಕೆಂದರೂ ಮಗನ ಮೂಲಕ. "ಅವಳಿಗೆ ಹೇಳು", "ಅವರಿಗೆ ಹೇಳು"... ಪೋಸ್ಟ್‌ಮ್ಯಾನ್ ಆಗಿಬಿಟ್ಟಿದ್ದ ಪಾಪ.

ಇವತ್ತು ಅತ್ತೆ ಕ್ಲಿನಿಕ್ಕಿನಿಂದ ಬೇಗ ಬಂದು, ಚಪ್ಪಲಿಯಲ್ಲೇ ನಮ್ಮ ರೂಮಿಗೆ ಬಂದು ಹಾಸಿಗೆಯ ಅಂಚಿನಲ್ಲಿ ಕೂತರು.

"ನೀನು ಹೇಳಿದ್ದು ನಿಜ. ಅದಕ್ಕೇ ಸಿಟ್ಟು ಬಂತು."

ಇಸ್ತ್ರಿ ಬಟ್ಟೆ ಪಕ್ಕಕ್ಕೆ ಸರಿಸಿ ಹತ್ತಿರ ಕೂತೆ.

"ಆಗ ನಾನು ಸೂಜಿ ಇಟ್ರೆ ಗೋಡೆಗೆ ಒರಗಿದವನೂ ಎದ್ದು ಬರ್ತಿದ್ದ. ನಾಳೆ ಇಡ್ತೀನಿ ಅನ್ಕೋ. ಒಬ್ರೂ ಏಳ್ಲಿಲ್ಲ ಅಂದ್ರೆ? ಹಾಕದೇ ಇದ್ರೆ, 'ಅವಳಿದ್ಲು ನೋಡು' ಅಂತಾದ್ರೂ ಹೇಳ್ಕೊಂಡಿರ್ತಾರೆ."

"ಎದ್ದೇ ಏಳ್ತಾರೆ ಅತ್ತೆ!"

"ನಿನಗೇನು ಗೊತ್ತು, ಮಂಡಿ ನೋಡಿದ್ದೀಯಾ ಅವರದ್ದು?"

ಇಬ್ಬರೂ ನಕ್ಕೆವು. ಆಮೇಲೆ ಅವರು ಕಮಾಂಡರಿಗೆ ಫೋನ್ ಮಾಡಿ, "ನನ್ನ ಗಂಟೆ ನನಗೆ ವಾಪಸ್ ಕೊಡೋ" ಎಂದರು. ಅಪ್ಪಿಕೊಂಡುಬಿಟ್ಟೆ. "ಸಾಕು ಬಿಡೇ, ಉಸಿರು ಕಟ್ತು" ಎಂದರು.

ಶನಿವಾರ, 17. ರಾತ್ರಿ 8.05, ಗೋದಾಮು

ಅತ್ತೆಯ ಟೇಬಲ್ಲಿನ ಹಿಂದೆ ಸ್ಟೂಲಿನ ಮೇಲಿದ್ದೇನೆ. ನಿನ್ನೆ ರಾತ್ರಿ ಇಬ್ಬರೂ ಕೇಳಿ ಕೇಳಿ ಹೊಸ ನಂಬರು ಅಂಟಿಸಿದ ರೆಕಾರ್ಡುಗಳನ್ನು ಕವರಿನಿಂದ ತೆಗೆದು ಕೊಡುವ ಕೆಲಸ. ಸುಮ್ಮನೆ ಕೂತರೆ ಉಗುರು ಕಚ್ಚುತ್ತೇನೆ, ಅದಕ್ಕೆ ಬರೆಯುತ್ತಿದ್ದೇನೆ.

ಕುರ್ಚಿಯ ಜಗಳ ಕೊನೆಗೂ ಬಗೆಹರಿಯಲಿಲ್ಲ. ಎಲ್ಲರೂ ಪ್ಲಾಸ್ಟಿಕ್ ಸುತ್ತಿದ ಹಾಸಿಗೆಗಳ ಮೇಲೆ ಕೂತುಬಿಟ್ಟಿದ್ದಾರೆ. ಕೂತರೆ ಏಳಲಾಗದ ಹಾಸಿಗೆಗಳು! ಇನ್ನೂರಕ್ಕೂ ಮೇಲೆ ಜನ. ಮೊಮ್ಮಕ್ಕಳ ಫೋಟೋ ತೋರಿಸಿಕೊಳ್ಳುತ್ತಿದ್ದಾರೆ. ಕಮಾಂಡರ್ ಹಾಕಿದಾಗಲೂ ಕಾಲು ಕುಣಿಸಿದ್ದು ಕೂತಲ್ಲೇ. ಗಂಡ ಬಾಗಿಲಲ್ಲಿ ಬಂದವರ ಕೈಗೆ ಸೀಲು ಒತ್ತುತ್ತಿದ್ದಾನೆ.

8.10. ಅತ್ತೆ ಹೆಡ್‌ಫೋನ್ ಹಾಕಿಕೊಂಡರು. ನನ್ನನ್ನು ನೋಡಿದರು. ಸೂಜಿ ಇಳಿಸಿದರು. ಡ್ರಮ್ಮು ಸರಿಯಾಗಿ ಬಂತು, ಒಂದು ಕೂದಲಷ್ಟೂ ಆಚೀಚೆ ಇಲ್ಲ!

ಒಬ್ಬರೂ ಏಳಲಿಲ್ಲ. ತಲೆದೂಗುತ್ತಿದ್ದಾರೆ. ಚಪ್ಪಾಳೆ ತಟ್ಟುತ್ತಿದ್ದಾರೆ... ಇದೇನು ಭಾಷಣವೇ, ಚಪ್ಪಾಳೆ ತಟ್ಟಲು?

ಒಂದು ನಿಮಿಷವಾಯಿತು. ಅತ್ತೆ ತಲೆ ಎತ್ತುತ್ತಿಲ್ಲ. ಕಿವಿ ಕೆಂಪಾಗಿದೆ. ಮುಂದಿನದಕ್ಕೆ ಕೈ ಚಾಚಿದರು, ಬೆರಳು ತಣ್ಣಗಿವೆ.

ಎಂಥ ಜನರಪ್ಪಾ ಇವರು! ಎರಡು ತಿಂಗಳು ನಮ್ಮ ಮನೆಯ ಪ್ರಾಣ ತಿಂದು, ಇಲ್ಲಿ ಬಂದು ಹಾಸಿಗೆಯ ಮೇಲೆ... ಸಾಕು. ನಾನೇ ಏಳುತ್ತೇನೆ. ಗಂಡನನ್ನು ಬಾಗಿಲಿಂದ ಎಳೆದುಕೊಂಡು, ನಟ್ಟನಡುವೆ ಕುಣಿಯುತ್ತೇನೆ. ಪೆನ್ನು ಇಟ್ಟೆ!