ಗಂಟೆ ಇನ್ನೂ ಹೊಡೆದಿಲ್ಲ

ಶುಕ್ರವಾರ, ಮಧ್ಯಾಹ್ನ

ನನ್ನ ಮುದ್ದು ಮಗಳಿಗೆ,

ಚೀಲ ತುಂಬಿಕೊಂಡು ಹೊರಡುವ ಮೊದಲು ಇದನ್ನು ಪೂರ್ತಿ ಓದು. ನನಗೇನೂ ಆಗಿಲ್ಲ. ಬೆಳಿಗ್ಗೆ ಫೋನಿನಲ್ಲೂ ಅದನ್ನೇ ಹೇಳಿದೆ, ನೀನೂ ನಂಬಿದೆ. ಆದರೆ ಈ ಕಾಲೇಜು ಹುಡುಗರು ಬಿಡುವ ಹಾಗೆ ಕಾಣುವುದಿಲ್ಲ. ಮತ್ತೆ ಫೋನ್ ಮಾಡಿ ನಿನ್ನನ್ನು ಹೆದರಿಸುತ್ತಾರೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ಸಂಬಳ ತಗೊಂಡು ನರಳೋ ಕೆಲಸ ಅಂತ ಹೆಸರಿಟ್ಟವಳೇ ನೀನು. ಕಾಲೇಜಿನ ಅಭ್ಯಾಸದ ಕೋಣೆಯಲ್ಲಿ ನಾನು ರೋಗಿಯಾಗಿ ಮಲಗುತ್ತೇನೆ. ಮುಂದೆ ಡಾಕ್ಟರು, ನರ್ಸು, ಔಷಧ ತಜ್ಞೆ, ಫಿಸಿಯೋ ಆಗಬೇಕಾದ ಮಕ್ಕಳು ಒಂದು ತಂಡವಾಗಿ ಬಂದು, ಒಬ್ಬರ ಮೇಲೊಬ್ಬರು ಹಾರಾಡದೆ ರೋಗಿಯನ್ನು ನೋಡುವುದು ಕಲಿಯುತ್ತಾರೆ. ಒಬ್ಬೊಬ್ಬರಿಗೂ ಕಾಯಿಲೆಯ ಒಂದೊಂದು ಸುಳಿವು ಬರೆದ ಬೇರೆ ಬೇರೆ ಚೀಟಿ. ಬಾಯಿಬಿಟ್ಟು ಹೇಳಿಕೊಂಡರಷ್ಟೇ ಕಾಯಿಲೆ ಪೂರ್ತಿ ಕಾಣುವುದು. ನನಗೂ ಒಂದು ಚೀಟಿ ಇರುತ್ತದೆ. ಆಟ ಮುಗಿಯಿತು ಅಂತ ಗಂಟೆ ಹೊಡೆಯುವವರೆಗೂ ನಾನು ಅದರಲ್ಲಿ ಬರೆದ ರೋಗಿ.

ನಿನ್ನೆಯ ಚೀಟಿಯಲ್ಲಿದ್ದದ್ದು ಬರೀ ಹೊಟ್ಟೆನೋವು. ಚೆನ್ನಾಗಿಯೇ ನರಳಿದೆ. ಫಿಸಿಯೋ ಹುಡುಗ, ನಾನು ಕಸರತ್ತು ಮೇಷ್ಟ್ರು ಅನ್ನುತ್ತೇನಲ್ಲ, ಅವನು ಹೊಟ್ಟೆ ಬಿಟ್ಟು ನನ್ನ ಕಾಲನ್ನೇ ನೋಡುತ್ತಿದ್ದ. ನರ್ಸ್ ಹುಡುಗಿ ಮತ್ತೆ ಮತ್ತೆ ನನ್ನ ಬಾಯಿ ಒರೆಸಿದಳು. ಯಾಕಮ್ಮಾ, ನಾನೇನು ಹಸುಗೂಸಾ ಅಂತ ಗದರಿದೆ. ತಾವು ಕಂಡದ್ದು ಇನ್ನೊಬ್ಬರ ಚೀಟಿಯ ಸುಳಿವು ಇರಬೇಕು ಅಂದುಕೊಂಡು ಒಬ್ಬೊಬ್ಬರೂ ಸುಮ್ಮನಿದ್ದರಂತೆ. ಡಾಕ್ಟರ್ ಹುಡುಗನಂತೂ, ಅಜ್ಜಿ ಎಷ್ಟು ನಿಜ ಅನ್ನೋ ಹಾಗೆ ಮಾಡ್ತಾರೆ ಅಂತ ಮೆಚ್ಚಿಕೊಂಡ.

ಕೊನೆಗೆ ಮಂಚದ ಬಳಿ ನಿಂತು ಕಂಡದ್ದನ್ನೆಲ್ಲ ಹೇಳಿಕೊಳ್ಳಬೇಕು, ಅದು ಇಲ್ಲಿಯ ಕ್ರಮ. ಮಂಚ ಹತ್ತುವಾಗ ಎಡಗಾಲು ಎಳೀತಿದ್ರು ಅಂದ ಮೇಷ್ಟ್ರು. ಕುಡಿದ ನೀರು ಎಡಗಡೆ ಬಾಯಿಂದ ಸೋರ್ತಿದೆ ಅಂದಳು ನರ್ಸ್. ಔಷಧದ ಹುಡುಗಿ ಯಾವಾಗಲೂ ಪಿಸುಗುಟ್ಟುವವಳು. ತಟ್ಟೆಯ ಎಡಗಡೆ ಇಟ್ಟ ಮಾತ್ರೆ ಅಜ್ಜಿಗೆ ಕಾಣಲೇ ಇಲ್ಲ, ಇದೆಲ್ಲ ಯಾರ ಚೀಟೀಲಿದೆ ಅಂತ ಕೇಳಿದಳು. ಎಲ್ಲರೂ ತಮ್ಮ ತಮ್ಮ ಚೀಟಿ ತಿರುಗಿಸಿ ನೋಡಿದರು, ಯಾರದರಲ್ಲೂ ಇರಲಿಲ್ಲ. ಅವಳೇ ಕೈಯೆತ್ತಿ, ಆಟ ನಿಂತಿದೆ ಅಂತ ಜೋರಾಗಿ ಕೂಗಿದಳು. ಅಭ್ಯಾಸದ ನಡುವೆ ನಿಜವಾಗಿ ಏನಾದರೂ ಆದರೆ ಕೂಗಬೇಕಾದ ಮಾತು ಅದು. ಆಗುವುದು ನನಗಾದರೆ ನಾನು ತಾನೇ ಕೂಗಬೇಕು? ನಾನು ಕೂಗಿರಲಿಲ್ಲ ಕಣೇ.

ಆಮೇಲೆ ಗಂಟೆ ಹೊಡೆದೇ ಇಲ್ಲ. ಮಂಚ ತಳ್ಳಿಕೊಂಡು ಬೇರೆ ಕೋಣೆಗೆ ತಂದಿದ್ದಾರೆ. ಅಲ್ಲಿ ಕಿಟಕಿಯ ಜಾಗದಲ್ಲಿ ಬಣ್ಣದ ಹಲಗೆ ಇತ್ತು, ಇಲ್ಲಿ ಹೊರಗಡೆ ರಸ್ತೆಯೇ ಓಡಾಡುತ್ತದೆ. ಎಷ್ಟು ಖರ್ಚು ಮಾಡಿದ್ದಾರೋ! ವಯಸ್ಸಾದ ಡಾಕ್ಟರುಗಳೂ ಪಾತ್ರಕ್ಕೆ ಇಳಿದಿದ್ದಾರೆ, ಒಬ್ಬರಿಗೂ ನಗು ಬರುವುದಿಲ್ಲ. ಎಲ್ಲರೂ ಬಲಗಡೆಯಿಂದಲೇ ಬರುತ್ತಾರೆ. ಆಗಾಗ ಯಾರೂ ಇಲ್ಲದ ಕಡೆಯಿಂದ ನನ್ನನ್ನು ಕರೆದ ದನಿ ಕೇಳಿಸುತ್ತದೆ.

ಒಂದು ವಿಷಯ ಮಾತ್ರ ಅತಿಯಾಯಿತು. ಹೊದಿಕೆಯೊಳಗೆ ಯಾರದೋ ಕೈ ಇದೆ. ತಣ್ಣಗೆ, ಭಾರವಾಗಿ ನನ್ನ ಹೊಟ್ಟೆಯ ಮೇಲೆ ಬಿದ್ದಿದೆ. ತೆಗೀ ತಾಯಿ ಅಂತ ನರ್ಸ್ ಹುಡುಗಿಗೆ ಹೇಳಿದೆ. ಅವಳು ತನ್ನ ಎರಡೂ ಕೈ ಎತ್ತಿ ತೋರಿಸಿದಳು. ಆಮೇಲೆ ಆ ಮೂರನೆಯದನ್ನು ಮೆಲ್ಲಗೆ ಎತ್ತಿ ನನ್ನ ಕಣ್ಣಮುಂದೆ ಹಿಡಿದಳು. ಅದರ ಬೆರಳಲ್ಲಿ ನನ್ನ ಉಂಗುರ! ಬಿಚ್ಚಿ ಕೊಡು, ಇಂಥ ತಮಾಷೆ ಬೇಡ ಅಂದೆ. ಅವಳು ಅಳುತ್ತಾ ಆಚೆ ಹೋದಳು. ಚೆನ್ನಾಗಿ ನಟಿಸುತ್ತಾಳೆ.

ಈಗ ತಲೆಗೆ ಆಪರೇಷನ್ ಆಗಬೇಕು, ಸಹಿ ಹಾಕಿ ಅಂತ ಕೂತಿದ್ದಾರೆ. ಆಟದ ಕಾಗದಕ್ಕೆ ನಿಜವಾದ ಸಹಿ ಹಾಕುವಷ್ಟು ಪೆದ್ದಿಯಲ್ಲ ನಾನು. ಹಾಕಿದರೆ ನಾಳೆ ರೋಗಿಷ್ಠೆ ಅಂತ ಕೆಲಸದಿಂದ ತೆಗೆಯುತ್ತಾರೆ. ನಿನ್ನನ್ನು ಕೇಳಿದರೆ ನೀನೂ ಒಪ್ಪಬೇಡ. ನಮ್ಮಮ್ಮ ಚೆನ್ನಾಗಿದ್ದಾರೆ, ಅಷ್ಟು ಚೆನ್ನಾಗಿ ನಟಿಸಿದ್ದಾರೆ ಅಷ್ಟೇ ಅಂತ ಹೇಳು.

ಇನ್ನೂ ಬರೆಯಬಹುದಿತ್ತು, ಹಾಳೆ ತುಂಬಿಹೋಯಿತು.

ನಿನ್ನ,
ನರಳೋ ಅಮ್ಮ

ಇನ್ನೊಂದು ಮಾತು: ಅಕ್ಕಾ, ಇದನ್ನು ಬರೆಯುತ್ತಿರುವವಳು ಔಷಧದ ಹುಡುಗಿ. ಅಮ್ಮನ ತಲೆಯ ಬಲಭಾಗದಲ್ಲಿ ರಕ್ತ ಸೋರಿದೆ, ಇನ್ನೂ ಹೆಚ್ಚುತ್ತಿದೆ. ಅದಕ್ಕೇ ಎಡಗಡೆ ಅನ್ನುವುದೇ ಅವರ ಪಾಲಿಗೆ ಇಲ್ಲವಾಗಿದೆ. ಸಂಜೆಯೊಳಗೆ ನಿಮ್ಮ ಒಪ್ಪಿಗೆ ಬೇಕು. ಫೋನಿನಲ್ಲಿ ಅವರ ದನಿ ಕೇಳಿ ನಮ್ಮನ್ನು ನಂಬಲಿಲ್ಲ ನೀವು. ಅದಕ್ಕೇ ಈ ಹಾಳೆಯ ಫೋಟೋ ತೆಗೆದು ಕಳಿಸುತ್ತಿದ್ದೇನೆ. ನೋಡಿ, ಅವರು ಬರೆದದ್ದೆಲ್ಲ ಬಲ ಅರ್ಧದಲ್ಲೇ ಇದೆ, ಸಾಲಿನ ಮೇಲೆ ಸಾಲು ಹತ್ತಿದೆ. ಖಾಲಿ ಬಿಟ್ಟ ಎಡ ಅರ್ಧದಲ್ಲಿ ನಾನು ಬರೆಯುತ್ತಿದ್ದೇನೆ. ಹಾಳೆ ಅವರ ತೊಡೆಯ ಮೇಲೆಯೇ ಇದೆ. ನನ್ನ ಪೆನ್ನು ಓಡುವುದನ್ನು ಅವರು ನೇರವಾಗಿ ನೋಡುತ್ತಿದ್ದಾರೆ, ಯಾಕೆ ಏನೂ ಬರೀತಿಲ್ಲ ಅಂತ ನನ್ನನ್ನು ಕೇಳುತ್ತಿದ್ದಾರೆ.