ಆರನೆಯ ಬೆಡ್‌ಶೀಟು

ಮೂರನೇ ಮಂಚದ ತಮ್ಮಾ,

ಸೋಮವಾರ ನೀನು ಡಯಾಲಿಸಿಸ್‌ಗೆ ಬರಲಿಲ್ಲವಂತೆ. ಮಂಚ ಖಾಲಿ ಬಿದ್ದಿತ್ತು ಎಂದು ವಾರ್ಡಿನ ನರ್ಸಮ್ಮ ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮಕ್ಕ ಆ ಮಂಚವಿಲ್ಲದೆ ಸತ್ತಳು. ಅದನ್ನು ಖಾಲಿ ಬಿಡಲು ನೀನ್ಯಾರು?

ಯಾಕೆ ಬರಲಿಲ್ಲವೆಂದು ಗೊತ್ತು. ಅಕ್ಕನ ಹೆಣ ಮನೆಯಲ್ಲಿದ್ದ ದಿನ ನೀನು ಓಡಿಸುವ ಸ್ಕೂಲ್ ವ್ಯಾನನ್ನು ಬೀದಿಯ ತುದಿಯಲ್ಲೇ ನಿಲ್ಲಿಸಿ, ನಮ್ಮ ಗೇಟಿನ ಸರಳು ಹಿಡಿದು ನಿಂತಿದ್ದೆ. ಒಳಗೆ ಬಾ ಎಂದರೂ ಬರಲಿಲ್ಲ. "ಅವರ ಆಯಸ್ಸು ನಾನೇ ತಿಂದ್ಬಿಟ್ಟೆ ಅಕ್ಕಾ" ಅಂದೆ. ಇವತ್ತು ಹೇಳುತ್ತೇನೆ, ಕೇಳು. ನೀನು ಏನನ್ನೂ ತಿಂದಿಲ್ಲ. ತಿಂದವರ ಪೈಕಿ ನಾನಿದ್ದೇನೆ.

ನೀನು ಸಾಲಿಗೆ ಸೇರುವ ಮುಂಚಿನ ಮಾತಿದು. ಇಡೀ ಆಸ್ಪತ್ರೆಗೆ ಐದು ಮೆಷೀನು. ಶಿಫಾರಸು ಪತ್ರ ತಂದವರು, ದುಡ್ಡಿನ ಆಸ್ಪತ್ರೆಗೆ ಹೋಗುತ್ತಲೇ ಇಲ್ಲೂ ಒಂದು ಜಾಗ ಹಿಡಿದಿಟ್ಟುಕೊಳ್ಳುತ್ತಿದ್ದರು, ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಹನ್ನೊಂದು ದಿನ ರೋಗಿಗಳ ಕಡೆಯವರೆಲ್ಲ ಆಸ್ಪತ್ರೆಯ ಮೆಟ್ಟಿಲ ಮೇಲೆ ಧರಣಿ ಕೂತೆವು. ಕೊನೆಗೆ ಸೂಪರಿಂಟೆಂಡೆಂಟ್ ಹೊರಗೆ ಬಂದು, "ಆಯ್ತಮ್ಮಾ, ನಿಯಮ ನೀವೇ ಬರ್ಕೊಡಿ" ಅಂದ. ಗೆದ್ದೆವೆಂದು ಕುಣಿದೆವು. ನನ್ನ ಕೈಯಾರೆ ಬರೆದೆ: ಮೊದಲು ಬಂದವರಿಗೆ ಮೊದಲು. ಪತ್ರ ನಡೆಯುವುದಿಲ್ಲ. ತಿಂಗಳಲ್ಲಿ ಎರಡು ಸಲ ತಪ್ಪಿಸಿದರೆ, ಕಾರಣ ಏನೇ ಇರಲಿ, ಜಾಗ ಮುಂದಿನವರಿಗೆ.

'ಕಾರಣ ಏನೇ ಇರಲಿ' ಎಂದು ಸೇರಿಸಿದವಳೂ ನಾನೇ. ಟವೆಲ್ ಹಾಕುವವರ ಬಾಯಿ ಮುಚ್ಚಿಸಬೇಕಿತ್ತಲ್ಲ!

ಟವೆಲ್ಲಿನವರಿಗೆ ಒಂದು ಕೂದಲೂ ಕೊಂಕಲಿಲ್ಲ. ಸಿಕ್ಕಿಬಿದ್ದವಳು ನಮ್ಮಕ್ಕ. ಮೂರನೇ ಮಂಚ ಆಗ ಅವಳದು. ಅವಳ ಕೆಲಸ ಅದೇ ಆಸ್ಪತ್ರೆಯ ಹಿಂಬದಿಯ ಲಾಂಡ್ರಿಯಲ್ಲಿ, ಕಂಟ್ರಾಕ್ಟಿನ ಮೇಲೆ. ನೀನು ಮಲಗುವ ಬೆಡ್‌ಶೀಟ್ ಒಗೆದು ಇಸ್ತ್ರಿ ಮಾಡುತ್ತಿದ್ದವಳು. ಆ ಲಾಂಡ್ರಿಗೂ ಆ ಮಂಚಕ್ಕೂ ಮಧ್ಯೆ ಒಂದು ಅಂಗಳ, ಅಷ್ಟೇ. ಆದರೆ ಮೇಸ್ತ್ರಿ, "ಬಟ್ಟೆ ಗುಡ್ಡೆ ಬಿದ್ದಿದೆ. ಈಗ ಹೋದ್ರೆ ನಾಳೆ ಬರ್ಬೇಡ" ಅಂದ. ಒಂದು ಸಲ ಅಂದ. ಹತ್ತು ದಿನ ಬಿಟ್ಟು ಇನ್ನೊಂದು ಸಲ ಅಂದ. ಆಸ್ಪತ್ರೆಯೇ ಅವಳನ್ನು ಕಟ್ಟಿಹಾಕಿತು, ಬರಲಿಲ್ಲವೆಂದು ಆಸ್ಪತ್ರೆಯೇ ಹೆಸರು ಹೊಡೆದುಹಾಕಿತು. ಅವಳು ಹದಿನಾಲ್ಕನೆಯವಳಾಗಿ ಸಾಲಿನ ಬಾಲಕ್ಕೆ ಹೋದಳು. ನೀನು ಮಂಚಕ್ಕೆ ಬಂದೆ.

ನಾನು ಓಡಿದೆ. ಸೂಪರಿಂಟೆಂಡೆಂಟ್ ಗೋಡೆಗಂಟಿಸಿದ ನಿಯಮದ ಹಾಳೆ ತೋರಿಸಿ, "ಕೈಬರಹ ನಿಮ್ದೇ ಅಲ್ವಾ ಮೇಡಂ?" ಅಂದ. ನಗುತ್ತಿದ್ದ.

ನಿನ್ನನ್ನು ಎಬ್ಬಿಸಿ ಅವಳನ್ನು ಮಲಗಿಸಿ ಎಂದು ಗಲಾಟೆ ಮಾಡಲು ಹೊರಟೆ ತಮ್ಮಾ, ಮುಚ್ಚಿಡುವುದಿಲ್ಲ. ಅಕ್ಕನೇ ಸೆರಗು ಹಿಡಿದು ಜಗ್ಗಿದಳು. "ಸುಮ್ನಿರೇ. ಆ ಹುಡುಗ ಏಳು ತಿಂಗಳಿಂದ ಕಾದಿದ್ದಾನೆ. ಇದೇ ಮಾಡೋದಾದ್ರೆ ಹನ್ನೊಂದು ದಿನ ಮೆಟ್ಟಿಲ ಮೇಲೆ ಯಾಕೆ ಕೂತೆ, ಕುಂಡಿ ಬೆಚ್ಚಗಾಗ್ಲಿ ಅಂತಾನಾ?" ಮುಖ ಊದಿ ಕಣ್ಣು ಮುಚ್ಚಿಹೋಗಿತ್ತು, ಆದರೂ ನಕ್ಕಳು. ಮಂಚ ಕೈತಪ್ಪಿದ ಹತ್ತೊಂಬತ್ತನೆಯ ದಿನ ಹೋಗಿಬಿಟ್ಟಳು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ನಾನು ಆ ನಿಯಮಗಳ ಶುದ್ಧಪ್ರತಿ ಬರೆಯುತ್ತಿದ್ದಾಗ ಅಕ್ಕ ಪಕ್ಕದಲ್ಲೇ ಕೂತು ಒಂದು ಮಾತು ಅಂದಿದ್ದಳು. "ಐದು ಮಂಚದ ವಾರ್ಡಿಗೆ ದಿನಾ ಆರು ಶೀಟು ಯಾಕೆ ಕಣೇ? ಐದು ಕೊಳೆಯಾಗಿ ಬರುತ್ತೆ. ಒಂದು ಮಾತ್ರ ನಾನು ಮಡಿಚಿದ ಮಡಿಕೇಲೇ ವಾಪಸ್ ಬರುತ್ತೆ." ತಲೆ ತಿನ್ನಬೇಡ, ಅಕ್ಷರ ತಪ್ಪುತ್ತೆ ಎಂದು ಗದರಿದೆ. ಲಾಂಡ್ರಿಯವಳ ಮಾತು, ಹೋರಾಟಗಾರ್ತಿಗೆ ಎಲ್ಲಿ ಕೇಳಿಸಬೇಕು!

ಅವಳು ಹೋದ ಮೇಲೆ ಕೇಳಿಸಿತು. ಹೋಗಿ ನೋಡಿದೆ. ಸ್ಟೋರ್ ರೂಮಿನ ಪಕ್ಕ, ಹಸಿರು ಪರದೆಯ ಹಿಂದೆ ಆರನೆಯ ಮೆಷೀನು. ಹೊಚ್ಚ ಹೊಸದು. ದೊಡ್ಡವರು ಯಾರಾದರೂ ಬಂದರೆ ಇರಲಿ ಎಂದು ಇಟ್ಟಿದ್ದಾರೆ. ಯಾರೂ ಬಂದಿಲ್ಲ. ಐದನ್ನು ನ್ಯಾಯವಾಗಿ ಹಂಚಿಕೊಳ್ಳಿ ಎಂದು ನಮ್ಮ ಕೈಗೆ ಪೆನ್ನು ಕೊಟ್ಟ ದಿನವೂ ಅದು ಅಲ್ಲೇ ನಿಂತಿತ್ತು. ನಾವು ಬಡವರು ಬಡವರ ಹೆಸರು ಹೊಡೆದುಹಾಕುತ್ತ ಕೂತೆವು.

ನೀನು ಮನೆಯಲ್ಲಿ ಮುಸುಕು ಹೊದ್ದು ಅತ್ತರೆ ಆಸ್ಪತ್ರೆಯವರಿಗೇನು ನಷ್ಟ? ಇನ್ನೊಂದು ಸಲ ತಪ್ಪಿಸಿದರೆ ನನ್ನದೇ ನಿಯಮ ನಿನ್ನನ್ನೂ ನುಂಗುತ್ತದೆ. ಇನ್ನೊಂದು ಹೆಣ ಕಾಯಲು ನನ್ನಿಂದಾಗದು.

ಗುರುವಾರ ಬೆಳಿಗ್ಗೆ ಏಳಕ್ಕೆ ಬಾ. ನಿನ್ನ ಮಂಚದಲ್ಲಿ ಮಲಗು, ಸೂಜಿ ಹಾಕಿಸಿಕೋ. ಆ ಹೊತ್ತಿಗೆ ಲಾಂಡ್ರಿಯ ಹೆಂಗಸರೆಲ್ಲ ಬರುತ್ತಾರೆ. ಅಕ್ಕ ಕೊನೆಯ ಸಲ ಮಡಿಚಿದ ಶೀಟನ್ನು ಎತ್ತಿಟ್ಟಿದ್ದಾರೆ. ಅದನ್ನು ಆರನೆಯ ಮಂಚಕ್ಕೆ ಹಾಸಿ, ಸಾಲಿನ ಮೊದಲಿಗನಾದ ಚಪ್ಪಲಿ ಹೊಲಿಯುವ ಮಾವನನ್ನು ಮಲಗಿಸುತ್ತೇವೆ. ಮೆಷೀನ್ ಚಾಲೂ ಆಗುವವರೆಗೆ ಯಾರೂ ಕದಲುವುದಿಲ್ಲ. ಪೊಲೀಸರು ಬರಲಿ. ಗೋಡೆಯ ಆ ಹಾಳೆಯನ್ನು ನಾನೇ ಹರಿಯುತ್ತೇನೆ. ಹೊಸದನ್ನು ಬರೆಯುವಾಗ ಮೊದಲ ಮಾತು ಲಾಂಡ್ರಿಯವರದು.

ಸೂಜಿ ಹಾಕಲೆಂದು ನರ ಜೋಡಿಸಿದ ನಿನ್ನ ತೋಳಿನಲ್ಲಿ ರಕ್ತ ಗುಂಯ್‌ಗುಡುತ್ತದಲ್ಲ, ನೂರು ವರ್ಷ ಗುಂಯ್‌ಗುಡುತ್ತಿರಲಿ.

ಆ ನಿಯಮ ಬರೆದ ಪಾಪಿ,
ನಿನ್ನ ಅಕ್ಕ